ಗಿಣ್ಣಪ್ಪನಿಗೆ ಎರಡು ಬೆರಳು

ಚಹಾ ಕೈಗೆ ಬಂದ ಕೂಡಲೇ ಒಂದು ಹನಿಯನ್ನು ಎಡ ಮಣಿಕಟ್ಟಿನ ಒಳಬದಿಗೆ ಬಿಟ್ಟು ನೋಡುವ ಅಭ್ಯಾಸ ನನಗಿದೆ. ಸೆಕ್ಟರ್ ಫೈವಿನ ನಮ್ಮ ಆಫೀಸಿನಲ್ಲಿ ಇದನ್ನು ಮೊದಲು ಗಮನಿಸಿದವಳು ಪಕ್ಕದ ಕುರ್ಚಿಯ ಮೌಶುಮಿ.

"ನಿನಗೆ ಮಗು ಇದೆಯಾ?" ಎಂದು ಕೇಳಿದಳು.

ಮದುವೆಯೇ ಆಗಿಲ್ಲ ಎಂದೆ.

"ಹಾಗಾದರೆ ಅಕ್ಕನ ಮಗುವಿಗೆ ಹಾಲು ಕುಡಿಸಿ ರೂಢಿಯೇನು?"

ಅಕ್ಕ ಇಲ್ಲ, ಕರು ಇತ್ತು ಎಂದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿ ತನ್ನ ಕಂಪ್ಯೂಟರಿನ ಕಡೆಗೆ ತಿರುಗಿದಳು. ಅಂದಿನಿಂದ ಆ ವಿಷಯ ಎತ್ತಿಲ್ಲ.

ಹನಿ ಚುರುಕ್ ಎನ್ನದೆ ಹಿತವಾಗಿ ಬೆಚ್ಚಗೆ ಅನ್ನಿಸಿದರೆ ಅದು ಹೆಚ್ಚುಕಡಿಮೆ ಮೂವತ್ತೊಂಬತ್ತು ಡಿಗ್ರಿ. ಕರುವಿಗೆ ಕುಡಿಸಲು ಸರಿಯಾದ ಹದ. ಚಹಾ ಆ ಹದಕ್ಕೆ ಬರುವಷ್ಟರಲ್ಲಿ ಕೆನೆ ಕಟ್ಟಿ ಕೆಟ್ಟು ಹೋಗಿರುತ್ತದೆ. ಆದರೂ ಕಾಯುತ್ತೇನೆ. ಮಾಡಬಾರದ ಎಷ್ಟೋ ಕೆಲಸಗಳನ್ನು ನಾನು ಹೀಗೆ ಕ್ರಮವಾಗಿ ಮಾಡುತ್ತೇನೆ.

ದಿನಚರಿ ಬರೆಯುವುದೂ ಅಂಥದ್ದೇ ಒಂದು. ನಿಮ್ಮಲ್ಲಿ ಕೆಲವರು ಬರೆಯುತ್ತಿರಬಹುದು. ಯಾರೋ ಅಂದ ಮಾತು, ಸಂಜೆಯ ಬೇಸರ, ಮುಂದೆ ಹೇಗೋ ಎಂಬ ಚಿಂತೆ. ನನ್ನದು ಆ ಬಗೆಯದಲ್ಲ. ನನ್ನದರಲ್ಲಿ ಸ್ಕೇಲಿಟ್ಟು ಎಳೆದ ಗೆರೆಗಳೂ ಗೆರೆಗಳ ನಡುವೆ ಅಂಕಿಗಳೂ ಇರುತ್ತವೆ. ಎಂಟನೆಯ ವಯಸ್ಸಿನಲ್ಲಿ ಬಾಲಿಗಂಜಿನ ಟ್ರಾಮ್ ಲೈನಿನ ಪಕ್ಕ ನಿಂತು, ಹೋದ ಟ್ರಾಮ್ ಎಷ್ಟು, ಬಂದದ್ದು ಎಷ್ಟು ಎಂದು ಬರೆದಿಟ್ಟಿದ್ದೆ. ಬಂದದ್ದು ಎರಡು ಕಡಿಮೆ ಇತ್ತು. ಆ ಎರಡು ಟ್ರಾಮ್ ಏನಾದವು ಎಂಬ ಚಿಂತೆಯಲ್ಲಿ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲವಂತೆ. ಚಳಿಗಾಲದ ಒಂದು ಬೆಳಿಗ್ಗೆ ಅಪ್ಪ ಹದಿನಾಲ್ಕು ಸಲ ಸೀನಿದ್ದೂ ದಾಖಲಾಗಿದೆ. ಇದನ್ನೆಲ್ಲ ನೋಡಿ ಅವ್ವ ಮನೆಗೆ ಬಂದವರ ಮುಂದೆ ಹೇಳುತ್ತಿದ್ದಳು: "ಇಕಿ ನಾಳೆ ಗಂಡನ ಮನಿಗೆ ಹೋದ್ರ, ಅತ್ತಿ ಎಷ್ಟು ಸಲ ಬೈದ್ಲು ಅಂತ ಗೆರಿ ಹಾಕ್ಕೋತ ಕೂಡ್ತಾಳ ನೋಡ್ರಿ."

ಅವ್ವ ಧಾರವಾಡದವಳು. ಅಪ್ಪನದು ಕೇಂದ್ರ ಸರ್ಕಾರದ ಕಚೇರಿ. ನನಗೆ ಆರು ವರ್ಷವಿದ್ದಾಗ ವರ್ಗವಾಗಿ ಇಲ್ಲಿಗೆ ಬಂದೆವು. ಈ ಊರಿನಲ್ಲಿ ಅವ್ವನಿಗೆ ಸಿಗದ ವಸ್ತು ಬಹಳ ಇರಲಿಲ್ಲ. ಕಾಫಿಪುಡಿ, ಕರಿಬೇವು, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಲೇಕ್ ಮಾರ್ಕೆಟ್ಟಿನಲ್ಲಿ ಸಿಗುತ್ತಿದ್ದವು. ಸಿಗದೆ ಉಳಿದದ್ದು ಗಿಣ್ಣ. ಈದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ತಾನಾಗಿಯೇ ಗಟ್ಟಿಯಾಗುತ್ತದಲ್ಲ, ಅದು. ಸಣ್ಣವಳಿದ್ದಾಗ ರಜೆಯಲ್ಲಿ ಧಾರವಾಡಕ್ಕೆ ಹೋದರೆ ಯಾರದಾದರೂ ಮನೆಯಿಂದ ಒಂದು ತಟ್ಟೆ ಬರುತ್ತಿತ್ತು. ಚಾಕುವಿನಿಂದ ಕತ್ತರಿಸಿದರೆ ಅಂಚಿನಲ್ಲಿ ಸಣ್ಣ ಸಣ್ಣ ತೂತು, ತೂತಿನಲ್ಲಿ ಬೆಲ್ಲದ ನೀರು. ಹಲ್ಲಿಗೆ ತಾಗಿದರೆ ಕಿರ್ ಎನ್ನುವ ಹಾಗೆ ಆಗುತ್ತಿತ್ತು. ಕೆಳಗಿನ ಮನೆಯ ಬಂಗಾಳಿ ಮಾಶಿಮಾಗೆ ಅವ್ವ ಎಷ್ಟೋ ಸಲ ವಿವರಿಸಿದ್ದಳು. ಅವರು ಎಲ್ಲ ಕೇಳಿಸಿಕೊಂಡು ಕೊನೆಗೆ "ಅಂದರೆ ಛಾನಾ?" ಎನ್ನುತ್ತಿದ್ದರು. ಹಾಲು ಒಡೆದು ಇಷ್ಟೆಲ್ಲ ಸಿಹಿ ಮಾಡುವ ಊರಿನಲ್ಲಿ, ಒಡೆಯದೆ ಗಟ್ಟಿಯಾಗುವ ಹಾಲನ್ನು ನಂಬಿಸುವುದು ಸುಲಭವಿರಲಿಲ್ಲ.

ನಮಗೆ ಹಾಲು ಬರುತ್ತಿದ್ದದ್ದು ರೈಲು ಹಳಿಯ ಆಚೆಯ ಖಟಾಲಿನಿಂದ. ತಗಡಿನ ಮಾಡಿನ ಉದ್ದನೆಯ ಕೊಟ್ಟಿಗೆ, ಏಳು ಎಮ್ಮೆ, ನಾಲ್ಕು ಹಸು. ಯಜಮಾನ ಛಪರಾ ಕಡೆಯ ಶಿವಪೂಜನ್. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವ್ವನನ್ನು ಅವರು ಮಾಜಿ, ಅಂದರೆ ತಾಯಿ, ಎನ್ನುತ್ತಿದ್ದರು, ಇಬ್ಬರ ವಯಸ್ಸೂ ಹೆಚ್ಚುಕಡಿಮೆ ಒಂದೇ. ದಸರೆಯ ಹೊತ್ತಿಗೆ ಒಂದು ಕೆಂದು ಹಸು ಗಬ್ಬವಿದೆ ಎಂದು ತಿಳಿದದ್ದೇ ಅವ್ವ ತನ್ನ ಧಾರವಾಡದ ಹಿಂದಿಯಲ್ಲಿ ಮಾತು ತೆಗೆದುಕೊಂಡಳು: ಈದ ದಿನದ ಮೊದಲ ಹಾಲು ನಮಗೆ. ಚಾಚಾ ನಕ್ಕರು. ಅವರ ಊರಿನಲ್ಲೂ ಅದನ್ನು ತಿನ್ನುತ್ತಾರಂತೆ, ಫೇನುಸ್ ಎನ್ನುತ್ತಾರಂತೆ. ಇಪ್ಪತ್ತು ವರ್ಷದಲ್ಲಿ ಈ ಊರಿನ ಗಿರಾಕಿ ಯಾರೂ ಕೇಳಿರಲಿಲ್ಲ ಎಂದರು.

ಅವ್ವ ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಲೇಕ್ ಮಾರ್ಕೆಟ್ಟಿನಲ್ಲಿ ಕಾಫಿಪುಡಿ ತೂಗಿಸುತ್ತ ನಿಂತಾಗ ಸಿಕ್ಕ ಕನ್ನಡದವರಿಗೆಲ್ಲ ಹೇಳಿದಳು. ಸಂಕ್ರಾಂತಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ, ಹಸು ಈದ ಸುದ್ದಿ ಬಂದಾಗ, ಮಂಜಿನಲ್ಲಿ ಖಟಾಲಿನ ಮುಂದೆ ನಾಲ್ಕು ಕನ್ನಡದ ಮನೆಗಳ ಸ್ಟೀಲ್ ಡಬ್ಬಿಗಳು ಸಾಲಾಗಿ ನಿಂತಿದ್ದವು. ಮೈಸೂರಿನವರು "ಗಿಣ್ಣು" ಎಂದರು, ಅವ್ವ "ಗಿಣ್ಣ" ಎಂದಳು, ಡಬ್ಬಿಯ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ. ಚಾಚಾ ಬೆಳಿಗ್ಗೆ ಹಾಲು ಕರೆದರು, ಸಂಜೆಯೂ ಕರೆದರು. ಒಂದು ಡಬ್ಬಿಯೂ ಖಾಲಿ ಹೋಗಲಿಲ್ಲ.

ಆ ಭಾನುವಾರದ ನನ್ನ ದಿನಚರಿಯಲ್ಲಿ ಹೀಗಿದೆ: "ಗಿಣ್ಣ. ಒಟ್ಟು ಇಪ್ಪತ್ತಾರು ತುಂಡು. ಅಪ್ಪ ಆರು, ಅವ್ವ ನಾಲ್ಕು, ಗ್ರೇಸಿ ಆಂಟಿ ಮೂರು, ಮಾಶಿಮಾ ಒಂದು, ನಾನು ಒಂಬತ್ತು. ಉಳಿದದ್ದು ಮೂರು."

ಗ್ರೇಸಿ ಆಂಟಿ ಮಂಗಳೂರಿನವರು. ಇಲ್ಲಿ ಒಬ್ಬರೇ ಇದ್ದುಕೊಂಡು ಸಂಶೋಧನೆ ಮಾಡುತ್ತಿದ್ದರು. ಭಾನುವಾರ ಚರ್ಚ್ ಮುಗಿಸಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಅವರ ಸಂಶೋಧನೆಯ ವಿಷಯ ದನಕರುಗಳ ಆಹಾರ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಆಗ ನಾನು ಕೆಲಸಕ್ಕಾಗಿ ಕಾಯುತ್ತಿದ್ದೆ. ಕಾಲೇಜಿನಲ್ಲಿದ್ದಾಗಲೇ ಕಂಪನಿಯೊಂದು ಆರಿಸಿಕೊಂಡಿತ್ತು. ಸೇರುವ ದಿನ ಮಾತ್ರ ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಎಂದು ಜಾರುತ್ತಿತ್ತು. ಸೆಕ್ಟರ್ ಫೈವಿನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅವುಗಳಲ್ಲೊಂದರ ನಾಲ್ಕನೆಯ ಮಹಡಿ ಪೂರ್ತಿಯಾಗುವುದನ್ನೇ ನನ್ನ ಬದುಕು ಕಾಯುತ್ತಿದೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ ಜಾವಾ ಕ್ಲಾಸಿಗೆ ಹೋಗುತ್ತಿದ್ದೆ. ಮಿಕ್ಕ ಹೊತ್ತು ಬಿಡುವು. ಹಾಗಾಗಿ ಹಾಲು ತರುವ ಕೆಲಸ ನನ್ನದಾಗಿತ್ತು.

ಮಂಗಳವಾರ ಖಟಾಲಿಗೆ ಹೋದಾಗ ಕೆಂದು ಹಸುವಿನ ಕೆಚ್ಚಲು ಬಾತು ಕೆಂಪಾಗಿತ್ತು. ಡಾಕ್ಟರು ಸೂಜಿ ಚುಚ್ಚಿ ಹೋಗಿದ್ದರು. ಆ ಹಾಲು ಯಾರಿಗೂ ಕೊಡಬಾರದು ಎಂದಿದ್ದರು. ಕರು ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿತ್ತು. ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ. ಪಕ್ಕೆಲುಬು ಎಣಿಸಬಹುದಿತ್ತು, ಎಣಿಸಿದೆ.

"ಇದು ಏನು ಕುಡಿಯುತ್ತೆ ಚಾಚಾ?"

"ಬೇರೆ ಹಸುವಿನದು ಒಂದಿಷ್ಟು ಬಿಡ್ತೀನಿ, ದೀದಿ. ಎಷ್ಟು ಅಂತ ಬಿಡಲಿ? ಬಛಿಯಾ ಆಗಿದ್ದರೆ ಮಾತು ಬೇರೆ. ಇದು ಗಂಡು."

ಕರು ಮಲಗಿದ್ದ ಜಾಗದ ಮೇಲೆ, ಗೋಡೆಯ ಗೂಟದಲ್ಲಿ, ಒಣಹುಲ್ಲು ತುಂಬಿ ಹೊಲಿದ ಒಂದು ಕರುವಿನ ಚರ್ಮ ತೂಗುತ್ತಿತ್ತು. ಹದಿನೈದು ವರ್ಷದಿಂದ ಆ ಖಟಾಲಿಗೆ ಹೋಗಿ ಬರುತ್ತಿದ್ದವಳು ಅದನ್ನು ನೋಡಿರಲಿಲ್ಲ ಎಂದಲ್ಲ. ಕರು ಸತ್ತ ಹಸು ಹಾಲು ಬಿಡದಿದ್ದರೆ ಅದನ್ನು ಮುಂದೆ ಇಡುತ್ತಾರೆ. ಹಸು ನೆಕ್ಕುತ್ತದೆ, ಹಾಲು ಇಳಿಯುತ್ತದೆ. ಅಷ್ಟು ಗೊತ್ತಿತ್ತು. ಅದರ ಕೆಳಗೇ ಬದುಕಿರುವ ಕರುವೊಂದನ್ನು ನೋಡಿದ್ದು ಮಾತ್ರ ಆವತ್ತು.

ಮನೆಗೆ ಬಂದು ಗ್ರೇಸಿ ಆಂಟಿಗೆ ಫೋನು ಮಾಡಿದೆ.

"ಹುಟ್ಟಿದ ದಿನ ತಾಯಿ ಹಾಲು ಎಷ್ಟು ಕುಡಿದಿದೆ ಅದು?" ಎಂದು ಕೇಳಿದರು.

"ಎರಡು ಗುಟುಕು ಅಂದ್ರು ಚಾಚಾ."

"ಎರಡೇ? ಉಳಿದದ್ದು ಎಂತ ಮಾಡಿದ ಅವನು?"

ನಾನು ದಿನಚರಿ ತೆರೆದೆ. ಉತ್ತರ ಅಲ್ಲಿತ್ತು, ನನ್ನ ಕೈಬರಹದಲ್ಲಿ, ತುಂಡಿನ ಲೆಕ್ಕದಲ್ಲಿ. ಓದಿ ಹೇಳಿದೆ. ಅವರ ಮೂರು ತುಂಡಿನ ಹತ್ತಿರ ಬಂದಾಗ ಸ್ವಲ್ಪ ನಿಧಾನಿಸಿದೆ.

"ನಾನು ಇದನ್ನೇ ಪಾಠ ಮಾಡುದು, ಗೊತ್ತುಂಟಾ?" ಎಂದರು. "ಹುಟ್ಟಿದ ಕರುವಿಗೆ ಕಾಯಿಲೆ ತಡೆಯುವ ಶಕ್ತಿ ಎಲ್ಲ ಆ ಹಾಲಿನಲ್ಲೇ ಬರುದು ಅಂತ. ಆದ್ರೆ ತಟ್ಟೆಯಲ್ಲಿ ನೋಡುವಾಗ ಅದು ಹಾಲು ಅಂತ ನೆನಪಾಗ್ಲೇ ಇಲ್ಲ ಮಾರಾಯ್ತಿ. ಊರಿನದ್ದು ಅಂತ ಮಾತ್ರ ಆಯ್ತು."

"ಈಗ ಏನು ಮಾಡೋದು?"

"ಹೋದದ್ದು ಹೋಯ್ತು. ಅದನ್ನು ತರ್ಲಿಕ್ಕೆ ಆಗುದಿಲ್ಲ. ಹೊಟ್ಟೆಗೆ ಸರಿಯಾಗಿ ಕೊಟ್ಟು ನೋಡುವ. ಉಳಿದರೂ ಉಳಿದೀತು."

ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಉಳಿದಿದ್ದ ಮೂರು ತುಂಡುಗಳನ್ನು ಅವಳು ಏನು ಮಾಡಿದಳೋ ಗೊತ್ತಿಲ್ಲ. ಅದೊಂದು ಲೆಕ್ಕ ನನ್ನಲ್ಲಿ ಇಲ್ಲ.

ಮರುದಿನ ಬುಧವಾರ ಬೆಳಿಗ್ಗೆಯೇ ಗ್ರೇಸಿ ಆಂಟಿ ಆಟೋದಲ್ಲಿ ಹತ್ತು ಕಿಲೋದ ಒಂದು ಚೀಲ ತಂದಿಳಿಸಿದರು. ಮಿಲ್ಕ್ ರಿಪ್ಲೇಸರ್. ತಾಯಿ ಹಾಲಿನ ಬದಲಿಗೆ ಕರುಗಳಿಗೆ ಕೊಡುವ ಪುಡಿ. ನೋಡಲು ನಮ್ಮ ಚಹಾದ ಹಾಲುಪುಡಿಯ ಹಾಗೇ, ಸ್ವಲ್ಪ ಹಳದಿ, ವಾಸನೆ ಬಿಸ್ಕತ್ತಿನದು. ಒಂದು ಲೀಟರ್ ಬಿಸಿನೀರಿಗೆ ನೂರಿಪ್ಪತ್ತೈದು ಗ್ರಾಂ. ಗಂಟಿಲ್ಲದ ಹಾಗೆ ಕಲಕಿ, ಮೂವತ್ತೊಂಬತ್ತು ಡಿಗ್ರಿಗೆ ಇಳಿದಾಗ ಕುಡಿಸಬೇಕು. ಬೆಳಿಗ್ಗೆ ಆರಕ್ಕೆ ಒಂದು ಲೀಟರ್, ಸಂಜೆ ಐದಕ್ಕೆ ಒಂದು ಲೀಟರ್. ಹೆಚ್ಚಿಲ್ಲ, ಕಡಿಮೆಯಿಲ್ಲ, ಹೊತ್ತು ತಪ್ಪಬಾರದು. ನನಗಾಗಿಯೇ ಯಾರೋ ಹುಟ್ಟಿಸಿದ ಕೆಲಸದಂತಿತ್ತು. ಆವತ್ತೇ ಹೊಸ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ: ದಿನ, ಹೊತ್ತು, ಡಿಗ್ರಿ, ಕುಡಿದದ್ದು, ಎಷ್ಟು ನಿಮಿಷ, ಸಗಣಿ. ಸಗಣಿಗೆ ಒಂದರಿಂದ ನಾಲ್ಕರ ತನಕ ಅಂಕ. ಒಂದು ಎಂದರೆ ಗಟ್ಟಿ, ನಾಲ್ಕು ಎಂದರೆ ನೀರು.

ಕರುವಿಗೆ ಈ ನೋಟ್‌ಬುಕ್ಕು ಗೊತ್ತಿರಲಿಲ್ಲ. ಬಕೆಟ್ಟನ್ನು ಮುಂದಿಟ್ಟರೆ ಮುಖ ತಿರುಗಿಸಿತು. ಕತ್ತು ಹಿಡಿದು ಬಗ್ಗಿಸಿದರೆ ಮೂಗಿನೊಳಗೆ ಹಾಲು ಹೋಗಿ ಸೀನಿತು. ನನ್ನ ಸ್ವೆಟರ್ ಮೇಲೆ ಕಾಲು ಲೀಟರ್ ಬಿತ್ತು. ಅದನ್ನು ಕಳೆದು ಬರೆಯಬೇಕಾಯಿತು.

"ಕರು ಹುಟ್ಟಿನಿಂದ್ಲೇ ಮೇಲೆ ನೋಡಿ ಕುಡಿಯುದು, ಕೆಳಗೆ ನೋಡಿ ಅಲ್ಲ," ಎಂದರು ಗ್ರೇಸಿ ಆಂಟಿ. "ನಿನ್ನ ಬೆರಳು ಕೊಡು ಅದಕ್ಕೆ. ಎರಡು."

ನಡುಬೆರಳು, ಉಂಗುರಬೆರಳು. ಕರುವಿನ ಬಾಯಿಗೆ ಬೆರಳು ಕೊಟ್ಟವರಿಗೆ ಗೊತ್ತು, ಕೊಡದವರಿಗೆ ಹೇಗೆ ಹೇಳಲಿ? ಮೇಲೆ ಹಲ್ಲಿಲ್ಲ, ಬರೀ ಏಣು ಏಣಾದ ಅಂಗುಳ. ನಾಲಿಗೆ ಬೆರಳುಗಳನ್ನು ಸುತ್ತಿ ಹಿಡಿದು ಎಳೆಯುತ್ತದೆ. ಎಳೆತ ನಿಮ್ಮ ಮೊಣಕೈಯ ತನಕ ಬರುತ್ತದೆ. ಹಾಗೆ ಚೀಪುತ್ತಿರುವಾಗಲೇ ಕೈಯನ್ನು ಮೆಲ್ಲಗೆ ಬಕೆಟ್ಟಿಗೆ ಇಳಿಸಬೇಕು. ಬೆರಳ ಸಂದಿಯಿಂದ ಹಾಲು ಬಾಯಿಗೆ ಹೋಗುತ್ತದೆ. ಬೆರಳೇ ಹಾಲು ಕೊಡುತ್ತಿದೆ ಎಂದು ಅದು ನಂಬುತ್ತದೆ. ನಂಬಿದ ಮೇಲೆ ಒಂದೊಂದಾಗಿ ಬೆರಳು ತೆಗೆಯಬೇಕು. ಗೋಡೆಯ ಮೇಲಿನ ಹುಲ್ಲಿನ ಕರುವೂ ಇಂಥದ್ದೇ ಒಂದು ನಂಬಿಕೆಯಲ್ಲವೇ ಎಂದು ನನಗೆ ಆಗ ಅನ್ನಿಸಿತ್ತು. ಅದಕ್ಕೆ ಕಾಲಂ ಇಲ್ಲದ್ದರಿಂದ ಬರೆಯಲಿಲ್ಲ. ಆ ದಿನ ಎಂಟು ನಿಮಿಷದಲ್ಲಿ ಮುಕ್ಕಾಲು ಲೀಟರ್. ಕೊನೆಯಲ್ಲಿ ಬಾಲ ಅಲ್ಲಾಡಿತು.

ಅವ್ವ ಅದಕ್ಕೆ ಗಿಣ್ಣಪ್ಪ ಎಂದು ಹೆಸರಿಟ್ಟಳು. ಚಾಚಾ ಬಾಯಲ್ಲಿ ಅದು ಗಿನ್ನಪ್ಪಾ ಆಯಿತು.

ಪುಡಿಯ ಚೀಲವನ್ನು ಖಟಾಲಿನಲ್ಲೇ, ಚಾಚಾನ ತಗಡಿನ ಪೆಟ್ಟಿಗೆಯಲ್ಲಿ ಇಲಿ ಮುಟ್ಟದ ಹಾಗೆ ಇಟ್ಟಿದ್ದೆವು. ಹತ್ತು ದಿನ ಹೀಗೇ ನಡೆಯಿತು. ಮೊದಲ ಮೂರು ದಿನ ಸಗಣಿಗೆ ಎರಡು ಅಂಕ, ಆಮೇಲೆ ಒಂದು ದಿನ ಮೂರು, ಮತ್ತೆ ಎರಡು, ಮತ್ತೆ ಮೂರು. ಕಾರಣ ಗೊತ್ತಾಗಲಿಲ್ಲ. ನೀರು ಸರಿ, ಡಿಗ್ರಿ ಸರಿ, ಗ್ರಾಂ ಸರಿ. ಎರಡನೆಯ ಶನಿವಾರ ಅಪ್ಪನ ಕೊಕ್ಕೆ ತಕ್ಕಡಿ ತೆಗೆದುಕೊಂಡು ಹೋದೆ. ಊರಿಗೆ ಹೋಗುವಾಗ ಪೆಟ್ಟಿಗೆ, ಹಾಸಿಗೆ ತೂಗಲು ಅಪ್ಪ ಇಟ್ಟುಕೊಂಡದ್ದು ಅದು. "ಗಾಡಿ ಹತ್ತೂಕಿಂತ ಮೊದಲ ನಮ್ಮ ಭಾರ ನಮಗ ಗೊತ್ತಿರಬೇಕು" ಎನ್ನುವುದು ಅವರ ಸಿದ್ಧಾಂತ. ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿದೆ. ನನ್ನ ಲೆಕ್ಕದ ಪ್ರಕಾರ ಏಳೂವರೆ ಕಿಲೋ ಇರಬೇಕು. ಮುಳ್ಳು ಆರೂವರೆಯಲ್ಲಿ ನಿಂತಿತು.

ಒಂದು ಕಿಲೋ ಪುಡಿ. ಖಟಾಲಿನಲ್ಲಿ, ಹಾಲು ಮಾರುವವರ ಪೆಟ್ಟಿಗೆಯಲ್ಲಿ. ಎಂಟು ಲೀಟರ್ ಹಾಲು ಮಾಡಬಹುದು ಅದರಿಂದ. ಗುಣಾಕಾರ ಮಾಡಿದ ಕೂಡಲೇ ನನಗೆ ಎಲ್ಲ ಸ್ಪಷ್ಟವಾಗಿಬಿಟ್ಟಿತು. ಲೆಕ್ಕ ಬರುವವರ ಕಷ್ಟವೇ ಇದು.

"ಚಾಚಾ, ಪುಡಿ ಒಂದು ಕಿಲೋ ಕಡಿಮೆ ಇದೆ."

ಅವರು ಎಮ್ಮೆಯ ಮೈ ತೊಳೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಇರಬಹುದು, ದೀದಿ."

"ಇರಬಹುದು ಅಲ್ಲ, ಇದೆ. ತೂಗಿದ್ದೀನಿ. ಪೆಟ್ಟಿಗೆ ನಿಮ್ಮದು. ನೀವು ಮಾರೋ ಹಾಲಿಗೆ ಸೇರಿದ್ದರೆ ಹೇಳಿಬಿಡಿ. ಇದು ಕರುವಿನ ಬಾಯಿಂದ ಕಿತ್ತುಕೊಂಡ ಹಾಗೆ."

ಕರುವಿನ ಬಾಯಿಂದ ಕಿತ್ತುಕೊಂಡದ್ದರಲ್ಲಿ ಒಂಬತ್ತು ತುಂಡು ತಿಂದವಳು ನಾನು. ಆ ಹೊತ್ತಿಗೆ ಅದು ನೆನಪಾಗಲಿಲ್ಲ. ಚಾಚಾ ಎಮ್ಮೆಯ ಬೆನ್ನ ಮೇಲೆ ಇನ್ನೊಂದು ಮಗ್ ನೀರು ಸುರಿದರು.

"ತಕ್ಕಡಿ ನಿಮ್ಮದು, ಪುಸ್ತಕ ನಿಮ್ಮದು," ಎಂದರು. "ನಾನು ಏನು ಹೇಳಲಿ?"

ಇಲ್ಲ ಎಂದೂ ಹೇಳಲಿಲ್ಲ, ಹೌದು ಎಂದೂ ಹೇಳಲಿಲ್ಲ. ಅದನ್ನೂ ನಾನು ಒಪ್ಪಿಗೆ ಎಂದೇ ಎಣಿಸಿದೆ. ಚೀಲದ ಒಳಗೆ ಪುಡಿಯ ಮಟ್ಟಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ, ಅಲ್ಲಿಂದ ಪ್ರತಿ ಸಲ ಕುಡಿಸಿದ ಮೇಲೆ ಹೊಸ ಗೆರೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಪೂರ್ತಿ ಸಾಕ್ಷಿ ಸಿಕ್ಕ ಮೇಲೆ ಹೇಳೋಣ ಎಂದುಕೊಂಡೆ. ಸೋಮವಾರ ಸಂಜೆ ಕ್ಲಾಸಿನಿಂದ ನೇರವಾಗಿ ಖಟಾಲಿಗೆ ಹೋಗಿ ನೋಡಿದರೆ, ಬೆಳಿಗ್ಗೆ ನಾನು ಹಾಕಿದ್ದ ಗೆರೆಗಿಂತ ಪುಡಿ ಕೆಳಗಿತ್ತು. ಅವತ್ತು ಚಾಚಾನನ್ನು ಮಾತಾಡಿಸದೆ ಕರುವಿಗೆ ಕುಡಿಸಿ ಬಂದೆ.

ಮಂಗಳವಾರ ಬೆಳಿಗ್ಗೆ ಗಿಣ್ಣಪ್ಪ ಏಳಲಿಲ್ಲ. ಹಿಂಗಾಲು, ಬಾಲ, ಗೋಣಿಚೀಲ ಎಲ್ಲ ಒದ್ದೆ. ಅಂಕ ಕೊಟ್ಟರೆ ನಾಲ್ಕೂ ಸಾಲದು. ಬೆರಳು ಕೊಟ್ಟೆ. ಬಾಯೊಳಗೆ ತಣ್ಣಗಿತ್ತು, ನಾಲಿಗೆ ಸುಮ್ಮನೆ ಇತ್ತು. ಕಣ್ಣು ಗುಳಿಬಿದ್ದಿತ್ತು. ಚಾಚಾ ಹತ್ತಿರ ಬಂದು ಕಿವಿ ಮುಟ್ಟಿ ನೋಡಿ, "ಡಾಕ್ಟರ್ ದೀದಿಯನ್ನು ಕರೆಯಿರಿ," ಎಂದರು.

ಗ್ರೇಸಿ ಆಂಟಿ ಬರುವಾಗ ಅವ್ವನೂ ಅವರ ಜೊತೆ ಬಂದಳು, ಶಾಲು ಹೊದ್ದು. ಆಂಟಿ ಕರುವಿನ ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟು ನೋಡಿದರು. ಅದು ಮಡಿಕೆಯಾಗಿ ನಿಂತೇ ಇತ್ತು, ಮೈಯ ನೀರು ಬತ್ತಿದ ಗುರುತು.

"ಪುಸ್ತಕ ಕೊಡು."

ಕೊಟ್ಟೆ. ಅವರು ಸಗಣಿಯ ಕಾಲಮ್ಮಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಬಂದರು. ಮತ್ತೊಮ್ಮೆ ಮೇಲಿಂದ ಕೆಳಗೆ.

"ಶನಿವಾರ ಮೂರು. ಮಂಗಳವಾರ ಮೂರು. ಗುರುವಾರ ಮೂರು. ಮತ್ತೆ ಶನಿವಾರ, ಇವತ್ತು ಮಂಗಳವಾರ. ನಡುವೆ ಸರಿ ಉಂಟು. ಈ ದಿನಗಳ ಹಿಂದಿನ ದಿನ ನೀನು ಎಂತ ಮಾಡ್ತಿ?"

"ಏನೂ ಇಲ್ಲ. ಕ್ಲಾಸಿಗೆ ಹೋಗ್ತೀನಿ."

"ಪುಡಿ ಏನಾದ್ರೂ ಹೆಚ್ಚು ಹೋಗಿದೆಯಾ?"

"ಒಂದು ಕಿಲೋ. ಯಾರೋ ತೆಗೆದಿದ್ದಾರೆ," ಎಂದೆ, ಚಾಚಾ ಕಡೆ ನೋಡದೆ.

"ಕಳ್ಳನಿಗೆ ನಿನ್ನ ಟೈಮ್‌ಟೇಬಲ್ ಗೊತ್ತುಂಟು ಹಾಗಾದ್ರೆ," ಎಂದರು ಗ್ರೇಸಿ ಆಂಟಿ.

ನಾನು ಪುಸ್ತಕವನ್ನೇ ನೋಡಿದೆ. ಅಷ್ಟು ಚೆನ್ನಾಗಿ ಗೆರೆ ಎಳೆದಿದ್ದೆ. ನನ್ನ ಕ್ಲಾಸಿನ ದಿನಗಳು ಅದರಲ್ಲಿ ಮೆಟ್ಟಿಲಿನ ಹಾಗೆ ಕಾಣುತ್ತಿದ್ದವು, ನನ್ನೊಬ್ಬಳಿಗೆ ಕಂಡಿರಲಿಲ್ಲ.

"ನಾನವಾ," ಎಂದಳು ಅವ್ವ.

ಶಾಲು ಸರಿಸಿ ಕರುವಿನ ಪಕ್ಕ ಕೂತಳು.

"ನೀ ಕ್ಲಾಸಿಗೆ ಹೋದ ಮ್ಯಾಲ ಥರ್ಮಾಸಿನಾಗ ಬಿಸಿನೀರು ತರ್ತಿದ್ದೆ. ಇಷ್ಟ ನೀರ ನೀರ ಕುಡದು ಅದರ ಹೊಟ್ಟಿ ಹ್ಯಾಂಗ ತುಂಬಬೇಕು? ಗಟ್ಟಿ ಮಾಡಿ ಕುಡಸ್ತಿದ್ದೆ. ಎರಡರಷ್ಟು ಹಾಕಿ. ನಿನಗ ಹೇಳಿದ್ರ ಪುಸ್ತಕಾ ತಗೀತಿ ಅಂತ ಇವರಿಗೂ ಹೇಳಬ್ಯಾಡ ಅಂದಿದ್ದೆ." ಶಾಲಿನ ತುದಿಯಿಂದ ಕರುವಿನ ಮೂಗು ಒರೆಸಿದಳು. "ಅದರ ಪಾಲು ನಾನ ತಿಂದೇನಿ. ನಾಲ್ಕು ಡಬ್ಬಿ ಮಂದೀನ್ನ ಕರಕೊಂಡ ಬಂದಾಕೀನೂ ನಾನ. ಸುಮ್ಮನ ಹ್ಯಾಂಗ ಕೂಡ್ಲಿ?"

ಗ್ರೇಸಿ ಆಂಟಿ ಗದರಲಿಲ್ಲ. "ಮೂರು ತುಂಡು ನನ್ನದೂ ಉಂಟು ಅದರಲ್ಲಿ," ಎಂದರು. ಆಮೇಲೆ ಕೆಲಸದ ಮಾತಿಗೆ ಬಂದರು. ಇವತ್ತು ಪುಡಿ ಪೂರ್ತಿ ಬಂದ್. ಕುದಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ. ಸ್ವಲ್ಪ ಸ್ವಲ್ಪವಾಗಿ, ಎರಡೆರಡು ಗಂಟೆಗೆ. ಒಂದು ಔಷಧಿ ಬರೆದುಕೊಟ್ಟರು. "ಸಂಜೆ ಒಳಗೆ ನಿಂತರೆ ನಿಂತಿತು."

ಇಡೀ ದಿನ ನಾವು ಮೂವರೂ ಅಲ್ಲೇ ಕೂತಿದ್ದೆವು. ನಾನು ಅಳೆಯುತ್ತಿದ್ದೆ, ಅವ್ವ ಬೆರಳು ಕೊಡುತ್ತಿದ್ದಳು, ಚಾಚಾ ಅದರ ತಲೆಯನ್ನು ತಮ್ಮ ಮಂಡಿಯ ಮೇಲೆ ಎತ್ತಿ ಹಿಡಿಯುತ್ತಿದ್ದರು. ಮೊದಲ ನಾಲ್ಕು ಸಲ ನೀರು ಬಾಯಿಯ ಪಕ್ಕದಿಂದ ಇಳಿದು ಹೋಯಿತು. ಅಷ್ಟು ಹತ್ತಿರ ಕೂತು, ಅಷ್ಟು ಹೊತ್ತು, ಚಾಚಾಗೆ ಹೇಳಬೇಕಾದದ್ದನ್ನು ಹೇಳದೆ ಇರುವುದು ಕಷ್ಟ. ಮಧ್ಯಾಹ್ನದ ಹೊತ್ತಿಗೆ ಹೇಳಿದೆ. ಹಿಂದಿಯಲ್ಲಿ ಕ್ಷಮೆ ಕೇಳುವುದಕ್ಕೆ ಶಾಲೆಯಲ್ಲಿ ಕಲಿಸಿದ ದೊಡ್ಡ ಶಬ್ದವೊಂದೇ ನನಗೆ ಗೊತ್ತಿದ್ದದ್ದು, ಅದನ್ನೇ ಬಳಸಿದೆ. ಅವ್ವ, ಇದೇನು ಎಂಬಂತೆ ನನ್ನ ಮುಖ ನೋಡಿದಳು. ಶನಿವಾರ ನಾನು ಅಂದದ್ದನ್ನು ಚಾಚಾ ಅವಳಿಗೂ ಹೇಳಿರಲಿಲ್ಲ.

"ನೀವ್ಯಾಕೆ ಆವತ್ತೇ ಹೇಳಲಿಲ್ಲ ಚಾಚಾ?"

"ಮಾಜಿಗೆ ಮಾತು ಕೊಟ್ಟಿದ್ದೆ." ಅವರ ಮೀಸೆಯ ಅಂಚು ಅಲ್ಲಾಡಿತು. "ಇನ್ನು ಮೇಲೆ ನನ್ನ ಹಾಲನ್ನೂ ತೂಗಿ ಬರೆಯಿರಿ, ದೀದಿ. ಅದರಲ್ಲಿ ನೀರು ಎಷ್ಟು ಅಂತ ನನಗೂ ತಿಳಿಯಲಿ."

ಐದನೆಯ ಸಲ ಅವ್ವ "ಎಳೀಲಿಕ್ಕತ್ತದ" ಎಂದಳು. ಮೆಲ್ಲಗೆ, ಯಾರಿಗೋ ಎಚ್ಚರವಾಗಬಾರದು ಎನ್ನುವ ಹಾಗೆ. ಸಂಜೆ ಐದು ಇಪ್ಪತ್ತಕ್ಕೆ ಗಿಣ್ಣಪ್ಪ ಮುಂಗಾಲು ಮಡಚಿಕೊಂಡೇ ಹಿಂಗಾಲೆತ್ತಿ ನಿಂತಿತು, ಬಿತ್ತು, ಮತ್ತೆ ನಿಂತಿತು. ನಾನು ಹೊತ್ತು ಬರೆದುಕೊಂಡೆ. ಎಷ್ಟು ಕುಡಿಯಿತು ಎಂಬ ಜಾಗ ಆ ಪುಟದಲ್ಲಿ ಖಾಲಿ ಇದೆ.

ಮುಂದಿನ ವಾರ ಕಂಪನಿಯ ಕಾಗದ ಬಂತು. ಸೋಮವಾರದಿಂದಲೇ ಬರಬೇಕು. ಬಾಲಿಗಂಜಿನಿಂದ ಸೆಕ್ಟರ್ ಫೈವಿಗೆ ಹೋಗುವ ಬಸ್ಸು ಹಿಡಿಯಬೇಕಾದರೆ ಆರೂವರೆಗೇ ಮನೆ ಬಿಡಬೇಕು, ತಿರುಗಿ ಬರುವಷ್ಟರಲ್ಲಿ ಎಂಟು. ಎರಡು ವರ್ಷದಿಂದ ಕಾದ ಕಾಗದ ಕೈಯಲ್ಲಿ ಹಿಡಿದು ನಾನು ಮೊದಲು ಯೋಚಿಸಿದ್ದು ಬಕೆಟ್ಟಿನ ಬಗ್ಗೆ.

"ಇನ್ನು ಯಾರು ಕುಡಿಸೋದು?" ಎಂದೆ.

"ಯಾರು ಅಂದ್ರ?" ಎಂದಳು ಅವ್ವ. "ಪುಸ್ತಕಾ ಕೊಡಿಲ್ಲೆ."

ಥರ್ಮಾಮೀಟರ್ ಹೇಗೆ ನೋಡುವುದು ತೋರಿಸಿಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ, ವಾಪಸು ಕೊಟ್ಟು, ಒಂದು ಹನಿ ಮಣಿಕಟ್ಟಿನ ಮೇಲೆ ಹಾಕಿಕೊಂಡಳು. "ನಿನಗ ಎರಡು ವರ್ಷ ಇದರಾಗ ನೋಡಿ ಕುಡಿಸೇನಿ," ಎಂದಳು. ಅವಳ ಹನಿಯನ್ನು ನನ್ನ ಥರ್ಮಾಮೀಟರಿನಿಂದ ಪರೀಕ್ಷಿಸಿದೆ. ಮೂವತ್ತೊಂಬತ್ತು. ಪುಡಿ ಅಳೆಯುವ ಲೋಟದ ಒಳಗೆ ಮಾತ್ರ ಪೆನ್ಸಿಲ್ ಗೆರೆ ಎಳೆದು, ಇದಕ್ಕಿಂತ ಮೇಲೆ ಒಂದು ಚಿಟಿಕೆಯೂ ಬೇಡ ಎಂದು ಆಣೆ ಹಾಕಿಸಿದೆ. ನೋಟ್‌ಬುಕ್ಕನ್ನು ಖಟಾಲಿನ ಗೂಟಕ್ಕೆ ದಾರ ಕಟ್ಟಿ ತೂಗಿಬಿಟ್ಟೆವು. ಹುಲ್ಲಿನ ಕರು ತೂಗುತ್ತಿದ್ದ ಗೂಟವೇ ಅದು. ಚಾಚಾ ಯಾವಾಗಲೋ ಅದನ್ನು ಅಲ್ಲಿಂದ ತೆಗೆದಿಟ್ಟಿದ್ದರು.

ಆಮೇಲೆ ನನಗೆ ಸುದ್ದಿ ಮಾತ್ರ ತಿಳಿಯುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಅವ್ವನನ್ನು ಕೇಳುತ್ತಿದ್ದೆ, ಎಷ್ಟು ಕುಡಿಯಿತು ಎಂದು. "ಪುಸ್ತಕದಾಗ ಬರದೇನಲ್ಲ," ಎನ್ನುತ್ತಿದ್ದಳು. ಭಾನುವಾರ ಹೋಗಿ ನೋಡುವಷ್ಟರಲ್ಲಿ ಅದು ಒಂದೊಂದು ಬೆರಳು ಎತ್ತರವಾಗಿರುತ್ತಿತ್ತು. ನೋಟ್‌ಬುಕ್ಕಿನ ಕಡೆ ಕೈ ಹಾಕಲಿಲ್ಲ. ಪರೀಕ್ಷೆ ಮಾಡುವ ಹಕ್ಕು ನನಗೆ ಉಳಿದಿದೆ ಎಂದು ಅನ್ನಿಸಿರಲಿಲ್ಲ. ಚೈತ್ರದಲ್ಲಿ ಇನ್ನೊಂದು ಹಸು ಈದಿತು. ಚಾಚಾ ಹೇಳಿ ಕಳಿಸಿದರು. ಅವ್ವ ಡಬ್ಬಿ ತೆಗೆದುಕೊಂಡೇ ಹೋದಳು. ಹೊಸ ಕರುವಿನ ಪಕ್ಕ ಕೂತು, ಅದು ಕುಡಿದು ತಾನಾಗಿ ಬಾಯಿ ತೆಗೆಯುವ ತನಕ ಕಾದು, ಖಾಲಿ ಡಬ್ಬಿ ಹಿಡಿದು ವಾಪಸು ಬಂದಳು.

ಊರೊಳಗಿನ ಖಟಾಲುಗಳನ್ನು ತೆಗೆಸುತ್ತಾರೆ ಎಂಬ ಮಾತು ವರ್ಷಗಳಿಂದ ಇತ್ತು. ಮಳೆಗಾಲದ ಹೊತ್ತಿಗೆ ನಮ್ಮದರ ಸರದಿಯೂ ಬಂತು. ಚಾಚಾ ಹಸು ಎಮ್ಮೆಗಳನ್ನು ಊರಾಚೆಗೆ ಸಾಗಿಸಿದರು. ಗಿಣ್ಣಪ್ಪನನ್ನು ಮಾತ್ರ ಲಾರಿಯಲ್ಲಿ ಛಪರಾಕ್ಕೆ, ತಮ್ಮನ ಹೊಲಕ್ಕೆ ಕಳಿಸಿದರು. ಗಂಡು, ನೇಗಿಲಿಗೆ ಆಗುತ್ತದೆ ಎಂದರು. ಲಾರಿ ಹತ್ತಿಸುವಾಗ ನಾನು ಆಫೀಸಿನಲ್ಲಿದ್ದೆ. ಅವ್ವ ಹೋಗಿದ್ದಳಂತೆ. ಸಂಜೆ ಚಾಚಾ ನಮ್ಮ ಮನೆಗೆ ಬಂದು ನೋಟ್‌ಬುಕ್ಕು ಕೊಟ್ಟು ಹೋದರು.

ಅದರ ರಟ್ಟು ತೇವಕ್ಕೆ ಉಬ್ಬಿತ್ತು, ಸಗಣಿಯ ವಾಸನೆ ಇತ್ತು. ನನ್ನ ಪುಟಗಳು ಮುಗಿದ ಮೇಲೆ ಅವ್ವನ ಪುಟಗಳು. ನಾನು ಮುಂಚೆಯೇ ಎಳೆದುಕೊಟ್ಟಿದ್ದ ಗೆರೆಗಳನ್ನು ದಾಟಿ, ಎಲ್ಲ ಕಾಲಮ್ಮುಗಳ ಮೇಲೂ ಅಡ್ಡಡ್ಡ ಬರೆದಿದ್ದಳು. ಮೊದಲ ದಿನ ಬೆಳಿಗ್ಗೆ: "ಕುಡದದ." ಸಂಜೆ: "ಕುಡದದ." ಮರುದಿನವೂ ಹಾಗೇ. ಒಂದು ಕಡೆ: "ಕುಡದದ. ಗೆರಿ ಮ್ಯಾಲ ಹಾಕಿಲ್ಲ." ಇನ್ನೊಂದು ಕಡೆ: "ಬಕೇಟ ಒದ್ದು ಚೆಲ್ಲಿತು. ಬೈದೆ. ಮತ್ತ ಮಾಡಿಕೊಟ್ಟೆ. ಕುಡದದ." ಡಿಗ್ರಿ ಇಲ್ಲ, ನಿಮಿಷ ಇಲ್ಲ, ಅಂಕ ಇಲ್ಲ. ಅಭ್ಯಾಸ ಬಿಡದೆ ಎಣಿಸಿದೆ. ಆ ಒಂದು ಶಬ್ದ ಅರವತ್ತೆರಡು ಸಲ ಇದೆ.

ಕೊನೆಯದು ಒಂದು ಬೆಳಗಿನದು. ಅದರ ಕೆಳಗೆ ಪುಟ ಖಾಲಿ.

"ಬೆರಳು ಕೊಟ್ಟೆ, ಬ್ಯಾಡಂತು. ಹುಲ್ಲಿಗೆ ಬಾಯಿ ಹಾಕ್ಯದ. ಇನ್ನ ಬರಿಯೂದು ಏನಿಲ್ಲ."